ಬೆನ್ನ ಹಿಂದೆ ಕುಳಿತ ಅಕ್ಕ

ಅಕ್ಕ ತೀರಿಕೊಂಡರೆಂದು ಚಿತ್ತವಾಡ್ಗಿಯಿಂದ ಫೋನು ಬಂದಾಗ ನಾನು ಮೊದಲು ಮಾಡಿದ ಕೆಲಸ ಹಳೆಯ ಡೈರಿ ಹುಡುಕಿದ್ದು. ಅಳು ಆಮೇಲೆ ಬಂತು, ಬಂತೆಂದೇ ಅಂದುಕೊಂಡಿದ್ದೇನೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹೊಸಪೇಟೆಯ ದಿನಗಳ ಡೈರಿಗಳಿದ್ದವು. ರಟ್ಟಿನ ಅಂಚಿಗೆ ಇನ್ನೂ ಕೆಂಪು ಧೂಳು ಅಂಟಿತ್ತು. ನಾನು ಹುಡುಕುತ್ತಿದ್ದದ್ದು ಒಂದೇ ಸಂಗತಿ. ಒಬ್ಬ ಹೆಣ್ಣುಮಗಳನ್ನು, ಅವಳನ್ನು ಮಾರಿದವನ ಕೈಗೇ ನಾವು ವಾಪಸು ಒಪ್ಪಿಸಿದ ದಿನ, ಹೊರಡುವ ಮೊದಲು ಅವಳು ನಿಂತಿದ್ದಳೋ, ಕುಳಿತಿದ್ದಳೋ. ಅಕ್ಕ ಅದನ್ನು ನನ್ನಲ್ಲಿ ಕೇಳಿದ್ದರು. ನಾನು ಒಂದು ಉತ್ತರ ಕೊಟ್ಟಿದ್ದೆ. ಬರಬರುತ್ತ ಆ ಉತ್ತರವನ್ನೇ ನಾನೂ ನಂಬಿಬಿಟ್ಟಿದ್ದೆ.

ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಕೇಳುವುದು, ಬರೆದುಕೊಳ್ಳುವುದು ಅವರಿಗೆ ಆಗದ ಕೆಲಸ. ಎಲ್ಲರೂ ಅವರನ್ನು ಅಕ್ಕ ಅನ್ನುತ್ತಿದ್ದರು. ಬೀದಿಯ ಹೆಂಗಸರು ಮಾತ್ರ ಹಣಿಗಿ ಅಕ್ಕ ಅನ್ನುತ್ತಿದ್ದರು. ಹಣಿಗಿ ಅಂದರೆ ಬಾಚಣಿಗೆ.

ಗಣಿಯ ದಿನಗಳವು. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿದ ಲಾರಿಗಳು ಹಗಲೂ ರಾತ್ರಿ ಇಳಿದು ಬರುತ್ತಿದ್ದವು. ಹೊಸಪೇಟೆಯ ಹೊರಗಿನ ಬಯಲುಗಳೆಲ್ಲ ಲಾರಿ ನಿಲ್ಲುವ ಜಾಗಗಳಾಗಿದ್ದವು. ಲಾರಿಗಳ ಹಿಂದೆ ಡಾಬಾಗಳು, ಡಾಬಾಗಳ ಹಿಂದೆ ತಗಡಿನ ಕೋಣೆಗಳು, ಆ ಕೋಣೆಗಳಿಗೆ ಎಲ್ಲೆಲ್ಲಿಂದಲೋ ತಂದ ಹೆಂಗಸರು. ಕಾಯಿಲೆ ಬಿದ್ದಾಗ, ಇಲ್ಲವೇ ಕುಡಿತ ಮಿತಿ ಮೀರಿದಾಗ, ಅವರನ್ನು ಹೊರಗೆ ಹಾಕುತ್ತಿದ್ದರು. ಅಂಥವರು ಬಸ್ ಸ್ಟ್ಯಾಂಡಿನಲ್ಲಿ, ಕಾಲುವೆಯ ಸೇತುವೆಯ ಕೆಳಗೆ, ಹಂಪಿಯ ಮಂಟಪಗಳಲ್ಲಿ ಬಂದು ಬೀಳುತ್ತಿದ್ದರು. ಅವರನ್ನು ಹುಡುಕಿ ಮಾತಾಡಿಸುವುದು, ಒಪ್ಪಿದರೆ ಆಶ್ರಯಧಾಮಕ್ಕೆ ಸೇರಿಸುವುದು ನಮ್ಮ ಸಣ್ಣ ಸಂಸ್ಥೆಯ ಕೆಲಸ. ನಾನು ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ನೇರ ಅಲ್ಲಿಗೆ ಬಂದಿದ್ದೆ. ಕಾಗದದ ಮೇಲೆ ಅಕ್ಕ ನನ್ನ ಸಹಾಯಕಿ.

ಮೊದಲ ದಿನ ಬೆಳಿಗ್ಗೆ ಅವರು ಆಟೋದಲ್ಲಿ ಕಾಯುತ್ತಿದ್ದರು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಎಳೆದು ಕಲ್ಲಿನಂಥ ಗಂಟು ಕಟ್ಟಿದ್ದರು. ತೊಡೆಯ ಮೇಲೆ ಬಟ್ಟೆ ಚೀಲ. ಅದರಲ್ಲಿ ಕೊಬ್ಬರಿ ಎಣ್ಣೆ ಬಾಟಲಿ, ಮಡಚಿದ ಗೋಣಿತಟ್ಟು, ಒಂದಿಷ್ಟು ರಿಬ್ಬನ್ನು, ಮತ್ತೆ ಸೀರಣಿಗೆ, ಹೇನು ಸೀರು ತೆಗೆಯುವ ಆ ಒತ್ತು ಹಲ್ಲಿನ ಮರದ ಬಾಚಣಿಗೆ.

"ಹೊಂಟಿತು ನೋಡ್ರಿ ಅಕ್ಕನ ಬ್ಯೂಟಿ ಪಾರ್ಲರು," ಅಂದ ಆಟೋದವನು. "ಇವತ್ತು ಹೊಸಾ ಮೇಡಂ ಬ್ಯಾರೆ!"

"ನಿಂದ ಬೋಳು ತಲಿ. ನಿನಗ್ಯಾಕಲೇ ಪಾರ್ಲರಿನ ಚಿಂತಿ? ಗಾಡಿ ಬಿಡು, ಜಲ್ದಿ."

ಲಾರಿ ಬಯಲಿನ ಪಂಕ್ಚರ್ ಅಂಗಡಿಯ ಹಿಂದೆ ಒಂದು ಜಾಲಿ ಗಿಡ. ಅದರ ಕೆಳಗೆ ಗೋಣಿತಟ್ಟು ಹಾಸಿ, ಅಕ್ಕ ಒಂದು ಕಲ್ಲಿನ ಮೇಲೆ ಕುಳಿತರು. ಹೆಂಗಸರು ಒಬ್ಬೊಬ್ಬರೇ ಬಂದು ಅವರಿಗೆ ಬೆನ್ನು ಮಾಡಿ ಕುಳಿತುಕೊಂಡರು. ನಾನು ಎದುರಿಗೆ ಕುಳಿತು, ಫೈಲು ತೆಗೆದು, ಮೊದಲನೆಯವಳನ್ನು ಹೆಸರು, ಊರು ಕೇಳಿದೆ.

"ಲಕ್ಷ್ಮೀರಿ. ಬೆಂಗಳೂರು."

ಎರಡನೆಯವಳೂ ಲಕ್ಷ್ಮಿ, ಬೆಂಗಳೂರು. ಮೂರನೆಯವಳೂ ಹಾಗೇ ಅಂದಾಗ ಪೆನ್ನು ನಿಲ್ಲಿಸಿದೆ. ಅವಳು ಗುಟ್ಕಾ ಉಗುಳಿ ನಕ್ಕಳು. "ನಾವೆಲ್ಲಾ ಒಂದ ಊರಾಕಿಗಳ್ರಿ ಮೇಡಂ. ಹೆಸರೂ ಒಂದ. ಒಂದ ಸಲ ಬರಕೊಂಡ್ರ ಸಾಕು."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಹೇಳಿದರು: "ಮಕಾ ನೋಡಿ ಕೇಳಬ್ಯಾಡವಾ. ಅವರನ್ನ ಮಕಾ ನೋಡಿ ಮಾತಾಡಿಸಿದಾವ್ರೆಲ್ಲಾ ಎಲ್ಲಿಗರ ಕರಕೊಂಡು ಹೋದಾವ್ರ. ಬೆನ್ನ ಹಿಂದ ಕುಂದ್ರು. ತಲ್ಯಾಗ ಕೈ ಇಡು. ಬಾಯಿ ಮುಚಗೊಂಡಿರು. ಹೇಳಬೇಕನಿಸಿದ್ರ ಅವರ ಹೇಳ್ತಾರ."

ಅವರ ವಿದ್ಯೆ ಇಷ್ಟೇ. ವಿಶ್ವವಿದ್ಯಾಲಯದಲ್ಲಿ ನನಗೆ ಯಾರೂ ಕಲಿಸದ್ದು. ಬಾಚಿಸಿಕೊಳ್ಳುವವಳಿಗೆ ಕೇಳುವವಳ ಮುಖ ಕಾಣುವುದಿಲ್ಲ. ಎದುರಿಗೆ ಲಾರಿಗಳು, ಧೂಳು, ಬಿಸಿಲು ಅಷ್ಟೇ. ಅವುಗಳಿಗೆ ಹೇಳಿಕೊಂಡಂತೆ ಹೇಳುತ್ತಿದ್ದರು. ಕೆಲವು ದಿನ ಕಳೆದ ಮೇಲೆ ನಾನು ಗಮನಿಸಿದ್ದು ಇನ್ನೊಂದು. ಏನಾದರೂ ಹೇಳಬೇಕೆನಿಸಿದ ದಿನ ಹೆಂಗಸರು ತಾವಾಗಿಯೇ ಬಂದು ಜಡೆ ಬಿಚ್ಚಿ, ಅಕ್ಕನಿಗೆ ಬೆನ್ನು ಮಾಡಿ ಕೂರುತ್ತಿದ್ದರು. ನಿನ್ನೆಯಷ್ಟೇ ಎಣ್ಣೆ ಹಚ್ಚಿಸಿಕೊಂಡಿದ್ದರೂ ಅಷ್ಟೇ. ಅಕ್ಕ ಏನೂ ಕೇಳದೆ ಸೀರಣಿಗೆ ಕೈಗೆ ತೆಗೆದುಕೊಳ್ಳುತ್ತಿದ್ದರು. ಇದನ್ನು ನಾನು ಆಗಲೇ ಗಮನಿಸಿದ್ದೆ. ಡೈರಿಯಲ್ಲಿದೆ, ನನ್ನದೇ ಅಕ್ಷರ. ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಹೆಸರು ಕೇಳದ ಕಾರಣ ಅವರೇ ಹೆಸರಿಡುತ್ತಿದ್ದರು, ಕೂದಲು ನೋಡಿ. ಕೆಂಚಿ, ಮೋಟಜಡಿ, ಬೆಳ್ಳಿ. ಕೂದಲಿನ ಧೂಳು ನೋಡಿ ಊರನ್ನೂ ಅಂದಾಜು ಮಾಡುತ್ತಿದ್ದರು. ತೊಳೆದ ನೀರು ಕುಂಕುಮದಂತೆ ಕೆಂಪಾದರೆ ಸಂಡೂರು ಕಡೆಯವಳು. ಬೈತಲೆಯಲ್ಲಿ ಅಕ್ಕಿಯ ತೌಡು ಸಿಕ್ಕರೆ ಕಂಪ್ಲಿಯ ಗಿರಣಿಗಳ ಹಿಂದೆ ಮಲಗಿ ಬಂದವಳು. "ಬಾಯಿ ಸುಳ್ಳ ಹೇಳಲಿ ಬಿಡವಾ, ಪಾಪ," ಅನ್ನುತ್ತಿದ್ದರು.

ಅವರನ್ನು ದೇವತೆ ಮಾಡುವ ಆಸೆ ನನಗೆ ಬರುತ್ತದೆ, ಸತ್ತಿದ್ದಾರಲ್ಲ. ಅದಕ್ಕೇ ಇದನ್ನೂ ಬರೆಯುತ್ತೇನೆ. ಅವರ ಬಾಯಿ ಕೆಟ್ಟದು. ತಂಬಾಕು ಹಾಕುತ್ತಿದ್ದರು. ನಾಯಿ ಕಂಡರೆ ನನ್ನ ಹಿಂದೆ ಅಡಗುತ್ತಿದ್ದರು. ಪಂಕ್ಚರ್ ಸಲ್ಯೂಷನ್ ಬಟ್ಟೆಗೆ ಹಚ್ಚಿ ಮೂಸುತ್ತಿದ್ದ ಒಬ್ಬಳ ಕೆನ್ನೆಗೆ ಒಮ್ಮೆ ಎಂಥ ಏಟು ಕೊಟ್ಟರೆಂದರೆ, ಆ ಹೆಂಗಸು ಒಂದು ವಾರ ನಮ್ಮ ಕಡೆ ಬರಲಿಲ್ಲ. ಆ ವಾರವೆಲ್ಲ ಅಕ್ಕ ಊಟ ಸರಿಯಾಗಿ ಮಾಡಲಿಲ್ಲ. ಇನ್ನೊಬ್ಬಳು ಎಣ್ಣೆಯ ಬಾಟಲಿಯನ್ನೇ ಕದ್ದು, ಒಂದು ಪಾಕೀಟು ಸಾರಾಯಿಗೆ ಕೊಟ್ಟು ಕುಡಿದಿದ್ದಳು. ಮಾರನೇ ದಿನ ಕೈ ನಡುಗಿಸುತ್ತ ಬಂದು ನಿಂತಾಗ ಅಕ್ಕ ಅವಳನ್ನೇ ಮೊದಲು ಕೂರಿಸಿದರು. "ಬಾರವಾ ಮಹಾರಾಣಿ. ಎಣ್ಣಿ ನಿನ್ನೆ ಕುಡದೀಯಲ್ಲ, ಇವತ್ತು ನಿನ್ನ ತಲೀಗೆ ನೀರಷ್ಟ." ನಡುಕ ನಿಲ್ಲುವವರೆಗೆ ಉಪ್ಪು ಹಾಕಿದ ಗಂಜಿ ಕುಡಿಸಿದರು.

ಹಂಪಿಯಲ್ಲಿ, ಹೊಳೆಯ ದಂಡೆಯ ಮಂಟಪವೊಂದರಲ್ಲಿ ಒಬ್ಬ ಮುದುಕಿಯ ತಲೆ ಬಾಚುತ್ತಿದ್ದಾಗ ಪ್ರವಾಸಿಯೊಬ್ಬ ಕ್ಯಾಮೆರಾ ಎತ್ತಿದ. ಅಕ್ಕ ತಟ್ಟನೆ ತಮ್ಮ ಸೆರಗನ್ನು ಮುದುಕಿಯ ಮುಖದ ಮೇಲೆಳೆದು ಕೂಗಿದರು: "ಏ! ಕಲ್ಲಿನ ಗೊಂಬಿ ಸಾವಿರ ಅದಾವಲ್ಲೋ ಇಲ್ಲಿ, ಅವನ್ನ ತಕ್ಕೋ ಹೋಗು!" ಅವನ ಮೇಲೆ ನನಗೆ ಭಾರೀ ಸಿಟ್ಟು ಬಂದಿತ್ತೆಂದು ನನ್ನ ನೆನಪು. ಡೈರಿ ತೆಗೆದು ನೋಡಿದರೆ ಅಲ್ಲಿರುವುದು ಅವನ ಜೊತೆ ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡಿದ ಖುಷಿ. ನನ್ನ ನೆನಪು ನನ್ನನ್ನು ಎಷ್ಟು ಮುದ್ದಿನಿಂದ ಸಾಕಿದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಅಕ್ಕನ ಹಿಂದಿನ ಬದುಕಿನ ಬಗ್ಗೆ ಆಫೀಸಿನಲ್ಲಿ ಮೂರು ಕಥೆಗಳಿದ್ದವು, ಮೂರೂ ಬೇರೆ ಬೇರೆ. ಅವರನ್ನೂ ಒಂದು ಕಾಲಕ್ಕೆ ಯಾರೋ ಮಾರಿದ್ದರು ಎಂಬುದು ಅವುಗಳಲ್ಲೊಂದು. ನಾನು ಒಮ್ಮೆ ಧೈರ್ಯ ಮಾಡಿ, "ಅಕ್ಕಾ, ನಿಮ್ಮ ತಲೆ ನಾನು ಬಾಚಲಾ?" ಅಂದೆ. ಗಂಟನ್ನು ಕೈಯಿಂದ ಮುಟ್ಟಿ ನೋಡಿಕೊಂಡರು. "ನಂದು ಗಟ್ಟಿ ಐತಿ ಬಿಡು," ಅಂದರು. ಅವರ ತಲೆಯನ್ನು ಯಾರೂ ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಗುಂಗರಿ ನಮಗೆ ಸಿಕ್ಕದ್ದು ಒಂದು ಮಳೆಗಾಲದಲ್ಲಿ, ತುಂಗಭದ್ರಾ ಡ್ಯಾಂ ಹತ್ತಿರದ ಕಾಲುವೆಯ ಸೇತುವೆಯ ಕೆಳಗೆ. ಗುಂಗುರು ಕೂದಲಿದ್ದುದರಿಂದ ಅಕ್ಕ ಇಟ್ಟ ಹೆಸರು ಅದು. ಇಪ್ಪತ್ನಾಲ್ಕೋ ಇಪ್ಪತ್ತೈದೋ ವಯಸ್ಸು. ಜ್ವರ, ಕೆಮ್ಮು, ಕುಡಿಯಲು ಸಿಗದೆ ಹತ್ತಿದ ನಡುಕ. ಕೂದಲು ಕೆಂಪು ಧೂಳಿನಲ್ಲಿ ಕಲೆತು, ತಲೆಯ ಮೇಲೆ ಒಂದೇ ಗಟ್ಟಿ ಮುದ್ದೆಯಾಗಿತ್ತು. ಕತ್ತರಿಸಿ ಬಿಡೋಣ ಅಂದೆ ನಾನು.

"ಆಕಿ ಹತ್ರ ಆಕೀದಂತ ಇರೂದು ಇದೊಂದ. ಇದನ್ನೂ ನಾವು ತಗಳ್ಳೂಣೇನು?" ಅಂದರು ಅಕ್ಕ.

ದಿನಾ ಹೋಗಿ ಎಣ್ಣೆ ಸುರಿದು, ಬೆರಳಿನಿಂದ ಎಳೆ ಎಳೆ ಬಿಡಿಸಿದರು. ಹನ್ನೊಂದು ದಿನ ಹಿಡಿಯಿತು. ಗುಂಗರಿ ಆ ಹನ್ನೊಂದು ದಿನವೂ ಮಾತಾಡಲಿಲ್ಲ. ಹನ್ನೆರಡನೇ ದಿನ ಸೀರಣಿಗೆ ಮೊದಲ ಸಲ ತಲೆಯಿಂದ ತುದಿಯವರೆಗೆ ತಡೆಯಿಲ್ಲದೆ ಇಳಿಯಿತು. ಆಗ ಅವಳು ಕಾಲುವೆಯ ನೀರು ನೋಡುತ್ತ ತನ್ನ ಹೆಸರು ಹೇಳಿದಳು, ಅಪ್ಪನ ಹೆಸರು ಹೇಳಿದಳು, ಕಂಪ್ಲಿಯ ಆಚೆ ಹೊಳೆದಂಡೆಯ ತನ್ನ ಹಳ್ಳಿಯ ಹೆಸರು ಹೇಳಿದಳು. ಆಮೇಲೆ ಕೆಮ್ಮು ಬಂದು ನಿಲ್ಲಿಸಿದಳು.

ನಾನು ಆಗಲೇ ಫಾರಂ ತೆಗೆದಿದ್ದೆ. ಅಕ್ಕ ನನ್ನನ್ನು ಬದಿಗೆ ಕರೆದರು.

"ಬರೀಬ್ಯಾಡ. ಇನ್ನಾ ಅರ್ಧಾ ಹೇಳ್ಯಾಳ. ಯಾರು ತಂದು ಬಿಟ್ರು ಅಂಬೂದು ಹೇಳಿಲ್ಲ. ಉಳಿದರ್ಧಾ ಬರ್ಲಿ, ತಡಿ."

"ಫಾರಂ ಇಲ್ಲದೆ ಆಶ್ರಯಧಾಮದಲ್ಲಿ ಹಾಸಿಗೆ ಕೊಡೋದಿಲ್ಲ ಅಕ್ಕಾ. ಮಳೆಯಲ್ಲಿ ಸಾಯ್ತಾಳೆ ಇವಳು."

"ನಮ್ಮನಿಗೆ ಕರಕೊಂಡು ಹೋಗ್ತೀನಿ."

"ನಿಮ್ಮ ಮನೇಲಿ ಇರೋದು ಒಂದು ಕೋಣೆ. ನಿಮ್ಮ ತಮ್ಮ, ಅವರ ಹೆಂಡತಿ, ಮಕ್ಕಳು. ಅವರು ಸುಮ್ಮನಿರ್ತಾರಾ?"

ಅಕ್ಕ ಎಣ್ಣೆ ಬಾಟಲಿಯ ಮುಚ್ಚಳ ಬಿಗಿದರು. ಅದನ್ನು ಚೀಲಕ್ಕೆ ಹಾಕುತ್ತ ಅಂದರು: "ಊರ ಹೆಸರು ಕಾಗದಕ್ಕ ಬಂತಂದ್ರ, ಕಾಗದ ಊರಿಗೆ ಹೋಗ್ತೈತಿ."

ನಾನು ಬರೆದೆ. ಈ ವಿಷಯದಲ್ಲಿ ನನ್ನನ್ನು ನಾನು ಈಗಲೂ ಪೂರ್ತಿ ಬೈದುಕೊಳ್ಳಲಾರೆ. ಅವಳಿಗೆ ಹಾಸಿಗೆ ಬೇಕಿತ್ತು, ಸಿಕ್ಕಿತು. ಜ್ವರ ಇಳಿಯಿತು. ಮೂರು ವಾರದಲ್ಲಿ ಕೈ ನಡುಕ ಕಡಿಮೆಯಾಯಿತು. ಅಕ್ಕ ಬೆಳಿಗ್ಗೆ ಲಾರಿ ಬಯಲಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ ಜಡೆ ಹಾಕಿ ಬರುತ್ತಿದ್ದರು. ತಮ್ಮ ಸೀರಣಿಗೆಗಳಲ್ಲಿ ಒಂದನ್ನು ಅವಳ ಕೋಣೆಯ ಕಿಟಕಿಯ ಮೇಲೇ ಇಟ್ಟಿದ್ದರು. ಉಳಿದರ್ಧ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಕಾಗದ ಊರಿಗೆ ಹೋಯಿತು. ಫಾರಂನಲ್ಲಿರುವ ವಿಳಾಸಕ್ಕೆ ಪತ್ರ ಬರೆದು ಮನೆಯವರನ್ನು ಕರೆಸುವುದು ಆಫೀಸಿನ ರೂಢಿ.

ಆಶ್ರಯಧಾಮಕ್ಕೆ ಬಂದವನು ಮಾವ, ಅವಳ ತಾಯಿಯ ತಮ್ಮ. ಬಿಳಿ ಅಂಗಿ. ಕೈಯಲ್ಲಿ ಹೊಸ ಸೀರೆ, ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ, ರೇಷನ್ ಕಾರ್ಡಿನ ಜೆರಾಕ್ಸು, ಅವಳು ಶಾಲೆಗೆ ಹೋಗುತ್ತಿದ್ದಾಗಿನ ಫೋಟೋ. ಅಕ್ಕ ಅಂದು ಒಬ್ಬ ಗರ್ಭಿಣಿಯನ್ನು ಕರೆದುಕೊಂಡು ಕಂಪ್ಲಿ ಆಸ್ಪತ್ರೆಗೆ ಹೋಗಿದ್ದರು.

"ನಮ್ಮಕ್ಕನ ಮಗಳ್ರೀ ಸರ. ಅಪ್ಪ ಅವ್ವ ಇಲ್ಲದಾಕಿ, ನಾನ ಸಾಕೀನ್ರಿ. ಎರಡು ವರ್ಷ ಆತು ಹುಡಕಾಕತ್ತು. ಹರಕಿ ಹೊರದ ಗುಡಿ ಉಳದಿಲ್ರಿ," ಎಂದು ಅವನು ನಮ್ಮ ಅಧಿಕಾರಿಯ ಮುಂದೆ ಅತ್ತ. ನನ್ನ ಕಣ್ಣೂ ತುಂಬಿತು. ಇದು ಡೈರಿಯಲ್ಲೂ ಇದೆ.

ಅಧಿಕಾರಿ ಗುಂಗರಿಯನ್ನು ಕರೆಸಿ ಎದುರಿಗೆ ನಿಲ್ಲಿಸಿ ಕೇಳಿದರು: "ನಿಮ್ಮ ಮಾವನೇನಮ್ಮಾ?"

"ಹೂಂರಿ."

"ಹೋಗ್ತೀಯಾ ಇವರ ಜೊತೆ?"

ಅವಳು ನೆಲ ನೋಡಿದಳು. "ಹೂಂರಿ."

ಸ್ವಂತ ಇಚ್ಛೆಯಿಂದ ಹೋಗುತ್ತಿದ್ದಾಳೆ ಎಂದು ಬರೆದುಕೊಂಡೆವು, ಅವಳು ಸಹಿ ಹಾಕಿದಳು. ಬಟ್ಟೆ ಕಟ್ಟಿಕೊಳ್ಳಲಿ ಎಂದು ನಾನು ಅವಳನ್ನು ಒಳಗೆ ಅವಳ ಕೋಣೆಗೆ ಕರೆದುಕೊಂಡು ಹೋದೆ. ಹತ್ತು ನಿಮಿಷ ನಾವಿಬ್ಬರೇ ಅಲ್ಲಿದ್ದೆವು. ಆಮೇಲೆ ಅವಳು ಹೊಸ ಸೀರೆಯ ಗಂಟು ಹಿಡಿದು ಮಾವನ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಸಂಜೆ ಅಕ್ಕ ಬಂದು ಖಾಲಿ ಮಂಚ ನೋಡಿದರು. ಬೈಯುತ್ತಾರೆಂದು ಕಾದೆ. ಹೊದಿಕೆಯನ್ನು ನಿಧಾನವಾಗಿ ಮಡಚಿದರು. "ಯಾರ ಬಂದಿದ್ರು?"

"ಸೋದರಮಾವ."

"ನೀನು ಕೇಳಿದೇನು?"

"ಎಲ್ಲರ ಎದುರಿಗೇ ಕೇಳಿದ್ವಿ ಅಕ್ಕಾ."

"ಎದುರಿಗೆ," ಅಂದರು ಅಕ್ಕ, ಅಷ್ಟೇ.

ತಿಂಗಳಾದ ಮೇಲೆ ಹೋಗಿ ನೋಡಿ ಬರುವುದು ನಿಯಮ. ಅಕ್ಕ ತಿಂಗಳು ಕಾಯಲಿಲ್ಲ. ಹತ್ತನೇ ದಿನ ನನ್ನನ್ನು ಎಳೆದುಕೊಂಡು ಕಂಪ್ಲಿ ಬಸ್ಸು ಹತ್ತಿದರು. ಹಳ್ಳಿಯಲ್ಲಿ ಮಾವನ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ನಾನು ಪ್ರಶ್ನೆ ಕೇಳುವ ಮೊದಲೇ ಅಕ್ಕ ಅವಳ ಬದಿಗೆ ಕುಳಿತು, ಮೊರದಲ್ಲಿ ಕೈಯಾಡಿಸಿ ಕಲ್ಲು ಆರಿಸತೊಡಗಿದರು. ಬಹಳ ಹೊತ್ತು ಇಬ್ಬರೂ ಮೊರವನ್ನೇ ನೋಡುತ್ತಿದ್ದರು.

"ಬಂದಿದ್ಲು ಯವ್ವಾ," ಅಂದಳು ಆ ಹೆಂಗಸು ಕೊನೆಗೆ. "ಎರಡ ದಿನ ಇದ್ಲು. ಮದಲನೇ ಸಲಾನೂ ಅವನ ಕರಕೊಂಡು ಹೋಗಿದ್ದ, ಸಂಡೂರ ಕ್ಯಾಂಪಿನಾಗ ಅಡುಗಿ ಕೆಲಸ ಐತಿ ಅಂತ. ಆಕಿ ಬರಲಿಲ್ಲ, ಅವನ ಮನಿಗೆ ಮಾಳಿಗಿ ಬಂತು. ಈ ಸಲ ಗೋವಾ ಅಂದ."

ಉಳಿದರ್ಧ ಅದು. ಅಕ್ಕ ಮೊರದಿಂದ ಕೈ ತೆಗೆದರು. ಠಾಣೆಗೆ ದೂರು ಕೊಟ್ಟೆವು. ಮಾವನೂ ಸಿಗಲಿಲ್ಲ, ಅವಳೂ ಸಿಗಲಿಲ್ಲ.

ಅಂದು ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ಕಬ್ಬಿನ ಗದ್ದೆಗಳು ಹೋಗುತ್ತಿದ್ದವು. ಅಕ್ಕ ನನ್ನ ಮುಖ ನೋಡದೆ ಕೇಳಿದರು: "ಹೋಗೂ ಮುಂದ, ಒಳಗ ನೀವಿಬ್ರ ಇದ್ರಲ್ಲ, ಆಕಿ ಹೆಂಗ ಇದ್ಲು? ಕುಂತಿದ್ಲೇನು?"

ಆ ಪ್ರಶ್ನೆ ಕೇಳಿದ ಕ್ಷಣವೇ ನನಗೆ ಎಲ್ಲ ತಿಳಿಯಿತು.

"ಇಲ್ಲ ಅಕ್ಕಾ," ಅಂದೆ. "ನಿಂತಿದ್ದಳು."

ಅಕ್ಕ ತಲೆಯಾಡಿಸಿದರು. ನಂಬಿದರೋ ಇಲ್ಲವೋ.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಚಿತ್ತವಾಡ್ಗಿಯ ಅವರ ಮನೆಯಲ್ಲಿ ಊಟವಾದ ಮೇಲೆ ಅಕ್ಕ ಚಾಪೆ ಹಾಸಿ ಅಂದರು: "ಕುಂದ್ರು. ತಲಿ ಬಾಚ್ತೀನಿ." ಬೆನ್ನು ಮಾಡಿ ಕುಳಿತೆ. ಎಣ್ಣೆ ಹಚ್ಚಿದರು, ಸಿಕ್ಕು ಬಿಡಿಸಿದರು. ಅವರ ಬೆರಳುಗಳು ಒರಟು, ಆದರೆ ಎಲ್ಲೂ ಎಳೆಯುತ್ತಿರಲಿಲ್ಲ. ನಾನು ಮಾತಾಡಿದೆ. ಅಮ್ಮನ ಬಗ್ಗೆ, ಮನೆಯಲ್ಲಿ ನೋಡುತ್ತಿದ್ದ ಗಂಡಿನ ಬಗ್ಗೆ, ನನಗೆ ಈ ಕೆಲಸ ಆಗುವುದಿಲ್ಲ ಎಂಬ ಭಯದ ಬಗ್ಗೆ. ಎದುರಿನ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು; ಅದನ್ನೇ ನೋಡುತ್ತ ಎಲ್ಲವನ್ನೂ ಹೇಳಿದೆ, ಆ ಒಂದನ್ನು ಬಿಟ್ಟು. ಅಕ್ಕ ಜಡೆ ಹೆಣೆದು, ಬಿಚ್ಚಿ, ಮತ್ತೆ ಹೆಣೆದರು. ಹೊತ್ತು ಇಳಿಯಿತು.

"ಏಳವಾ," ಅಂದರು ಕೊನೆಗೆ. "ಇನ್ನೊಂದಿನ ಬಾಚೂಣು."

ಇನ್ನೊಂದು ದಿನ ಬರಲಿಲ್ಲ. ಎರಡು ತಿಂಗಳಿಗೆ ನಾನು ಕೆಲಸ ಬಿಟ್ಟೆ, ಮದುವೆಯ ಕಾರಣ ಕೊಟ್ಟೆ. ಅಕ್ಕ ಕೈಲಾಗುವವರೆಗೂ ಲಾರಿ ಬಯಲಿಗೆ ಹೋಗುತ್ತಿದ್ದರಂತೆ. ಗಣಿಗಳು ನಿಂತು ಲಾರಿಗಳು ಕಾಣೆಯಾದ ಮೇಲೆ ಬಸ್ ಸ್ಟ್ಯಾಂಡಿಗೆ.

ಫೋನು ಬಂದ ಮಾರನೇ ದಿನ ಚಿತ್ತವಾಡ್ಗಿಗೆ ಹೋದೆ. ಮಣ್ಣು ಆಗಿಹೋಗಿತ್ತು. ಅಕ್ಕನ ತಮ್ಮನ ಹೆಂಡತಿ ನೀರು ಕೊಟ್ಟು ಕುಳಿತಳು.

"ನಿನ್ನೆ ಐದಾರ ಮಂದಿ ಹೆಂಗಸರು ಬಂದಿದ್ರು. ಯಾರಂತ ನಮಗ ಗೊತ್ತಿಲ್ಲ. ಹೆಣದ ತಲಿ ಬಿಚ್ಚಿ, ಎಣ್ಣಿ ಹಚ್ಚಿ, ಬಾಚಿ ಜಡಿ ಹಾಕಿದ್ರು. ಬ್ಯಾಡ ಅನ್ನಾಕ ಯಾರಿಗೂ ಬಾಯಿ ಬರಲಿಲ್ಲ. ಎಷ್ಟ ಉದ್ದ ಕೂದಲಿತ್ತ ಅಂತೀರಿ! ನಾನ ಮನ್ಯಾಗಿದ್ದು ನೋಡಿರಲಿಲ್ಲ."

"ಅವರಲ್ಲಿ ಗುಂಗುರು ಕೂದಲಿನವಳು ಒಬ್ಬಳಿದ್ದಳಾ?"

"ಎಲ್ಲಾರೂ ಸೆರಗ ಹೊತಗೊಂಡಿದ್ರವಾ. ಯಾರ ಕಂಡಾರ."

ಅಲ್ಲಿಗೆ ಹೋಗುವ ಮೊದಲೇ ಡೈರಿಯಲ್ಲಿ ಆ ಪುಟ ಸಿಕ್ಕಿತ್ತು. ನನ್ನ ಅಕ್ಷರ, ನೀಲಿ ಶಾಯಿ: "ಮಾವ ಬಂದು ಕರೆದುಕೊಂಡು ಹೋದರು. ಕುಟುಂಬಕ್ಕೆ ಮರಳಿಸಿದ್ದು ನನ್ನ ಕೈಯಿಂದ ಇದೇ ಮೊದಲು. ತುಂಬ ಸಂತೋಷ. ಹೊರಡುವಾಗ ಮಾತ್ರ ಒಳಗೆ ನೆಲದ ಮೇಲೆ ನನ್ನ ಕಡೆ ಬೆನ್ನು ತಿರುಗಿಸಿ ಕೂತುಬಿಟ್ಟಳು, ಹಾಕಿದ್ದ ಜಡೆ ಬೇರೆ ಬಿಚ್ಚಿಕೊಂಡು. ಏನು ಮುನಿಸೋ. ಇಷ್ಟು ಮಾಡಿದವರಿಗೆ ಒಂದು ಮಾತಿಲ್ಲ. ಬಸ್ಸಿಗೆ ಹೊತ್ತಾಗುತ್ತದೆಂದು ಎಬ್ಬಿಸಿ ಕಳಿಸಿದೆ."

ಬರೆದ ದಿನ ಅದನ್ನು ನಿಜಕ್ಕೂ ಮುನಿಸು ಎಂದುಕೊಂಡೆನೋ, ಅಥವಾ ಹಾಗೆ ಬರೆದರೆ ಹಾಗೆ ಆಗುತ್ತದೆ ಎಂದುಕೊಂಡೆನೋ, ಪುಟ ಹೇಳುವುದಿಲ್ಲ. ಅದಕ್ಕೂ ನಾಲ್ಕು ತಿಂಗಳ ಹಿಂದಿನ ಪುಟದಲ್ಲಿ, ಹೇಳಬೇಕೆನಿಸಿದವರು ಹೇಗೆ ಬಂದು ಕೂರುತ್ತಾರೆ ಎಂದು ನಾನೇ ಬರೆದಿದ್ದೇನೆ. ಗುಂಗರಿಯ ನಿಜವಾದ ಹೆಸರು ನನಗೆ ಇನ್ನೂ ನೆನಪಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕು.

ಅಕ್ಕಾ, ಅವಳು ನಿಂತಿರಲಿಲ್ಲ. ಜಡೆ ಬಿಚ್ಚಿಕೊಂಡು, ನನಗೆ ಬೆನ್ನು ಮಾಡಿ ಕುಳಿತಿದ್ದಳು. ನಿಮ್ಮ ಸೀರಣಿಗೆ ಅಲ್ಲೇ ಕಿಟಕಿಯ ಮೇಲಿತ್ತು.